ಕರಿಕೆ ಜೀಪಿನಿಂದ ಹೊರಡದ ಮಾತು

ಕರಿಕೆ ಕ್ಯಾಂಪು,
18-9-1956, ಮಂಗಳವಾರ

ಪ್ರೀತಿಯ ಸಣ್ಣಸ್ವಾಮಿಗೆ ನಿನ್ನ ಉತ್ತಯ್ಯನ ನಮಸ್ಕಾರ.

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಮೊದಲು ಬರೆಯಬೇಕು. ಆ ಸಾಲಿಗೆ ಕೈ ಬರ್ತಾ ಇಲ್ಲ, ನೀನೇ ಬರ್ಕೊಂಡು ಓದ್ಕೋ ಮಾರಾಯ. ನಿನ್ನ ಕಾಗದ ನಾನು ಊರಿಂದ ಬರೋ ಮೊದಲೇ ಇಲ್ಲಿ ಬಂದು ಕೂತಿತ್ತು. ಉತ್ತರ ತಡವಾಯ್ತು, ಬೇಜಾರು ಮಾಡ್ಕೋಬೇಡ. ಭಾಗಮಂಡಲದಿಂದ ಇಲ್ಲಿಗೆ ಬರೋ ದಾರಿ ಮೇಲೆ ಗುಡ್ಡ ಜರಿದು ಕೂತಿದೆ. ಟಪಾಲಿನವನು ಮಣ್ಣು ಹತ್ತಿ ಇಳಿದು ಯಾವಾಗ ಮನಸ್ಸು ಬರುತ್ತೋ ಆವಾಗ ಬರ್ತಾನೆ. ಅದೂ ಅಲ್ಲದೆ ಬರೆಯೋದಕ್ಕೆ ಕೂತರೆ ಮೊದಲ ಸಾಲಿನಲ್ಲೇ ಸಿಟ್ಟು ಬಂದು ಕಾಗದ ಹರಿದು ಹಾಕ್ತಿದ್ದೆ. ಯಾರ ಮೇಲೆ ಸಿಟ್ಟು ಅಂತ ಕೇಳಬೇಡ.

ನಿನ್ನ ಕಾಮಾಲೆ ಹೇಗಿದೆ? ಚಲುವಮ್ಮ ನೆಲನೆಲ್ಲಿ ಅರೆದು ಕೊಡ್ತಿದ್ದಾರೆ ಅಂತ ಬರೆದಿದ್ದೀಯ. ಕಣ್ಣು ಮುಚ್ಚಿ ಕುಡಿ. ಎಣ್ಣೆ ಪದಾರ್ಥ ಮುಟ್ಟಬೇಡ. ಬರ್ಮಾದಲ್ಲಿ ಜ್ವರ ಬಂದಾಗ ಡಬ್ಬಿ ಮಾಂಸ ಕದ್ದು ತಿಂದವನು ನೀನು, ನಿನ್ನ ನಾಲಿಗೆ ನನಗೆ ಗೊತ್ತಿಲ್ವಾ? ಹೆಂಡತಿ ಹೇಳಿದ ಹಾಗೆ ಕೇಳು. ರಜೆ ಮುಗಿಯೋ ಒಳಗೆ ಎದ್ದು ಓಡಾಡೋ ಹಾಗೆ ಆಗು.

ಈಗ ನೀನು ಕೇಳಿದ ಮಾತಿಗೆ ಬರ್ತೀನಿ. 'ಆವತ್ತು ಯಾಕೆ ಬಾಯಿ ಬಿಡಲಿಲ್ಲ ಉತ್ತಯ್ಯ? ನೀನು ಬೇಕು ಅಂತಲೇ ಸುಮ್ಮನಿದ್ದೆಯೋ, ಜೀಪಿನ ವೈರ್‌ಲೆಸ್ ಸೆಟ್ಟೇ ಕೆಟ್ಟಿತ್ತೋ? ನಿನ್ನ ಹೆಸರು ಎತ್ತಿದರೆ ನಿನ್ನ ಅಕ್ಕ ಯಮುನಕ್ಕ ಎದ್ದು ಒಳಗೆ ಹೋಗ್ತಾರೆ' ಅಂತ ಬರೆದಿದ್ದೀಯ. ಬೇರೆ ಯಾರಾದರೂ ಹೀಗೆ ಕೇಳಿದ್ದರೆ ಅವರ ಮುಖ ನೋಡ್ತಿರಲಿಲ್ಲ. ನೀನು ಕೇಳಿದ್ದಕ್ಕೆ ಹೇಳ್ತೀನಿ. ಬಾಯಿ ಬಿಟ್ಟೆ ಕಣೋ. ಬಿಟ್ಟ ಬಾಯಿ ಮುಚ್ಚಲೇ ಇಲ್ಲ. ನಿನ್ನ ಕಡೆಗೆ ಅದು ಮುಟ್ಟಲಿಲ್ಲ ಅಷ್ಟೆ. ನಿನ್ನ ಜೀಪಿನ ಕಡೆ ಏನಾಯ್ತು ಅಂತ ನಿನಗೆ ಗೊತ್ತು. ನನ್ನ ಜೀಪಿನ ಕಡೆ ಏನಾಯ್ತು ಅಂತ ಕೇಳು.

ಅಪ್ಪನಿಗೂ ನನಗೂ ಮಾತು ಬಿಟ್ಟುಹೋದ ಕಥೆ ನಿನಗೆ ಅರ್ಧ ಗೊತ್ತು. ಕೈಲ್ ಮುಹೂರ್ತ ಅಂದರೆ ನಮ್ಮಲ್ಲಿ ನಿಮ್ಮ ಆಯುಧಪೂಜೆ ಇದ್ದ ಹಾಗೆ. ಗದ್ದೆ ನಾಟಿ ಮುಗಿದ ಮೇಲೆ ಕೋವಿ, ಕತ್ತಿ, ನೊಗ, ನೇಗಿಲು ಎಲ್ಲಾ ತೊಳೆದು ದೀಪದ ಮುಂದೆ ಇಟ್ಟು, ಗಂಧ ಹಚ್ಚಿ, ಕೋವಿಯ ಬಾಯಿಗೆ ಹೂ ಸಿಕ್ಕಿಸಿ, ಆಮೇಲೆ ಮನೆಯ ಹಿರಿಯ ಅದನ್ನು ಮಗನ ಕೈಗೆ ಕೊಡ್ತಾನೆ. ನಾಲ್ಕು ವರ್ಷದ ಕೆಳಗೆ ನೆಂಟರೆಲ್ಲಾ ಕೂತಿದ್ದಾಗ ಅಪ್ಪ ಕೊಟ್ಟ ಕೋವಿಯನ್ನು ನಾನು ತಿರುಗಿ ದೀಪದ ಹತ್ತಿರ ಇಟ್ಟುಬಿಟ್ಟೆ. ಯುದ್ಧ ಮುಗಿಸಿ ಬರ್ಮಾದ ಆ ಕಾಡಿನಿಂದ ಬಂದ ಮೇಲೆ ಕೋವಿ ಕೈಗೆ ತಗೊಂಡರೆ ನನಗೆ ಬೆವರು ಕಿತ್ತು ಬರುತ್ತೆ. ಯಾಕೆ ಅಂತ ನಿನಗೆ ಗೊತ್ತು, ನೀನೂ ಪಕ್ಕದಲ್ಲಿದ್ದೆ. ಅಪ್ಪನಿಗೆ ಹೇಗೆ ಗೊತ್ತಾಗಬೇಕು? 'ಕೋವಿ ಹಿಡಿಯದ ಕೈಗೆ ಈ ಮನೆಯ ಅನ್ನ ಯಾಕೆ?' ಅಂದರು. ಎಲೆ ಮುಂದೆ ಕೂತವನು ಎದ್ದು ಬಂದೆ. ಅವರು ಕರೀಲಿಲ್ಲ, ನಾನು ಹೋಗಲಿಲ್ಲ. ಅಪ್ಪನಿಗೆ ತಕ್ಕ ಮಗ ಅಂತ ಊರೆಲ್ಲಾ ಅಂದಿತು. ನಡುವೆ ಸಿಕ್ಕಿಕೊಂಡು ನವೆದವಳು ಯಮುನಕ್ಕ. ಅವ್ವ ಹೋದಾಗ ನನಗೆ ಇನ್ನೂ ಹಾಲುಹಲ್ಲು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಗಂಡ ಸತ್ತು ತೌರಿಗೆ ತಿರುಗಿ ಬಂದ ಮೇಲೂ ಅಪ್ಪನಿಗೆ ಗಂಜಿ, ನನಗೆ ಯಾರಾದರೂ ಈ ಕಡೆ ಬರೋರ ಕೈಲಿ ಉಪ್ಪಿನಕಾಯಿ, ಹೀಗೆ ಎರಡು ಕಡೆಗೂ ಅಕ್ಕರೆ ಹಂಚಿಕೊಂಡಿದ್ದಳು. ನನಗೆ ಈ ಲೋಕದಲ್ಲಿ ನನ್ನವರು ಅಂತ ಉಳಿದಿರೋದು ಅವಳೊಬ್ಬಳೇ.

ಈ ವರ್ಷದ ಕೈಲ್ ಮುಹೂರ್ತದ ದಿನ ಮಳೆ, ಗುಡ್ಡ ಜರಿದ ಸುದ್ದಿ ಮಡಿಕೇರಿಗೆ ಕೊಡೋದಕ್ಕೆ ಅಂತ ಚೇರಂಬಾಣೆಗೆ ಹಾಕಿದ್ದ ನಿನ್ನ ಜೀಪಿಗೂ ರಜೆ, ಇಲ್ಲಿಗೆ ಹಾಕಿದ್ದ ನನ್ನ ಜೀಪಿಗೂ ರಜೆ. ವೈರ್‌ಲೆಸ್ ಮಾತೇ ಇರಲಿಲ್ಲ, ನೆನಪಿದೆಯಲ್ಲ? ಆ ಹಬ್ಬದ ದಿನ ನಾನು ಪೂಜೆ ಕಡೆ ತಲೆ ಹಾಕೋನಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಹೊಳೆಗೆ ಹೋದೆ. ಜೀಪಿಗೆ ಪೂಜೆ ಮಾಡಿದವನು ಡ್ರೈವರ್ ಕೆಂಪಣ್ಣ. ನಿಮ್ಮ ಕುಶಾಲನಗರದ ಕಡೆಯವನು, ವಯಸ್ಸಾದವನು, ದೇವರು ದಿಂಡರು ಅಂದರೆ ಕರಗಿ ಹೋಗ್ತಾನೆ. ನಾನು ಬಂದು ನೋಡ್ತೀನಿ, ಬಾನೆಟ್ಟಿಗೆ ಮೂರು ಪಟ್ಟೆ ಗಂಧ, ಸ್ಟೇರಿಂಗಿಗೆ ಹೂವು! 'ಏನು ಕೆಂಪಣ್ಣ, ಮದುಮಗಳ ಹಾಗೆ ಸಿಂಗಾರ ಮಾಡಿಬಿಟ್ಟಿದ್ದೀರಲ್ಲ' ಅಂತ ನಕ್ಕೆ. ಅವನೂ ನಕ್ಕ. ಅದೇ ಹೊತ್ತಿಗೆ ಅಲ್ಲಿ ಚೇರಂಬಾಣೆಯ ನಮ್ಮ ಮನೆಯಲ್ಲಿ ಅಪ್ಪ ದೀಪದ ಮುಂದೆ ಕೋವಿ ಎತ್ತಲು ಹೋಗಿ ಬಿದ್ದರಂತೆ. ನಮಗೇನು ಗೊತ್ತು?

ಮರುದಿನ ಬೆಳಿಗ್ಗೆ ಸೆಟ್ಟು ಹಾಕಿದೆ. ನಿನ್ನ ದನಿ ಕಿವಿಗೆ ಅಪ್ಪಳಿಸೋ ಹಾಗೆ ಬಂತು. 'ಕರಿಕೆ, ಕರಿಕೆ. ಉತ್ತಯ್ಯ, ನಿಮ್ಮ ಮನೆ ಅಂಗಳದಿಂದಲೇ ಮಾತಾಡ್ತಿದ್ದೀನಿ. ನಿಮ್ಮಪ್ಪನಿಗೆ ಹುಷಾರಿಲ್ಲ. ನಿನ್ನ ಹತ್ರ ಮಾತಾಡಬೇಕಂತೆ. ಕೇಳಿಸ್ತಿದ್ರೆ ಹೇಳು, ಓವರ್' ಅಂದೆ. ಮೈಕು ಒತ್ತಿ 'ಕೇಳಿಸ್ತಿದೆ, ಕೊಡು ಕೊಡು' ಅಂದೆ. ನೀನು ಮತ್ತೆ ಅದನ್ನೇ ಕೇಳಿದೆ. ನಾನು ಮತ್ತೆ ಹೇಳಿದೆ. ಮೀಟರಿನ ಮುಳ್ಳು ಪ್ರತಿ ಸಲವೂ ಸರಿಯಾಗಿ ಮೇಲೆದ್ದಿತು ಸಣ್ಣಸ್ವಾಮಿ. ಮಾತು ಹೋಗ್ತಿದೆ ಅಂತಲೇ ಅಂದುಕೊಂಡೆ. ನಿನ್ನದೇ ಸೆಟ್ಟು ಮಂಕಾಗಿದೆ ಅಂತ ನಿನ್ನನ್ನು ಬೈದೆ ಕೂಡ. ಆಮೇಲೆ ನೀನು ಸ್ವಿಚ್ಚು ಒತ್ತಿಕೊಂಡೇ ಅಪ್ಪನಿಗೆ ಹೇಳಿದ್ದು ಕೇಳಿಸಿತು, 'ಮಾತು ಬರ್ತಿಲ್ಲ. ಆದರೆ ಅವನು ಸ್ವಿಚ್ಚು ಒತ್ತಿದಾಗೆಲ್ಲಾ ಕರ್ ಅಂತ ಸಣ್ಣಗೆ ಬರ್ತಿದೆ. ಇದ್ದಾನೆ, ಇದ್ದಾನೆ, ಕೇಳಿಸ್ಕೊತಿದ್ದಾನೆ. ಮಾತಾಡಿ ಕುಶಾಲಪ್ಪನೋರೆ.' ನೀನು ಸುಳ್ಳು ಹೇಳಲಿಲ್ಲ. ಕಿವಿಗೆ ಬಿದ್ದದ್ದನ್ನು ಹೇಳಿದೆ. ಆದರೆ ಆ ಒಂದು ಮಾತಿನಿಂದ ಅಂಗಳದಲ್ಲಿ ನಿಂತವರಿಗೆಲ್ಲಾ ನಾನು ಇಲ್ಲಿ ಕಲ್ಲಿನ ಹಾಗೆ ಕೂತು ಕೇಳ್ತಿದ್ದೀನಿ ಅಂತ ಖಾತ್ರಿ ಆಯ್ತು.

ಮೈಕಿನ ವೈರು ಒಳಮನೆಗೆ ಸಾಲದೆ ಅಪ್ಪನನ್ನು ಮಂಚದ ಸಮೇತ ಅಂಗಳಕ್ಕೆ ತಂದಿರಿ ಅಂತ ಪಕ್ಕದ ಮನೆ ಪೊನ್ನಮ್ಮತ್ತೆ ಆಮೇಲೆ ಹೇಳಿದರು. ಆಗ ಅದು ನನಗೆ ಗೊತ್ತಿರಲಿಲ್ಲ. ನನಗೆ ಕೇಳಿಸಿದ್ದು ಉಸಿರು. ಅಪ್ಪ ಮೈಕಿಗೆ ಒಲೆ ಊದಿದ ಹಾಗೆ ಊದಿದರು. 'ಉತ್ತು' ಅಂದರು. ನಾಲ್ಕು ವರ್ಷದ ಮೇಲೆ ಆ ಹೆಸರು. ಆಮೇಲೆ ನಮ್ಮ ಅರೆಭಾಷೆಯಲ್ಲಿ, 'ಇನ್ನೂ ಕೋಪ ಉಟ್ಟಾ ಮಗ?' ಅಂದರು.

ಕೋಪ ಇದೆಯಾ ಅಂತ ಕೇಳಿದರು ಕಣೋ. ಆ ಮನುಷ್ಯ ಯಾರನ್ನೂ ಏನನ್ನೂ ಹಾಗೆ ಕೇಳಿದವರಲ್ಲ. ತಹಸೀಲ್ದಾರ ಬಂದರೂ ಕೂತಲ್ಲಿಂದ ಏಳ್ತಿರಲಿಲ್ಲ. ನಾನು ಮೈಕನ್ನು ಬಾಯಿಗೆ ಒತ್ತಿ ಹಿಡಿದು 'ಇಲ್ಲೆ ಅಪ್ಪ, ಕೋಪ ಇಲ್ಲೆ, ಇಲ್ಲವೇ ಇಲ್ಲೆ' ಅಂತ ಕೂಗಿದೆ. ತುಟಿ ಒಡೆದು ರಕ್ತ ಬಂತು, ಕೆಂಪಣ್ಣ ಹೇಳಿದ ಮೇಲೆ ಗೊತ್ತಾದದ್ದು. ಯಮುನಕ್ಕನ ದನಿ ಬಂತು. 'ತಮ್ಮ, ಒಂದು ಮಾತು ಹೇಳು. ಹೂಂ ಅನ್ನು ಸಾಕು. ಅಪ್ಪ ಕಾಯ್ತಿದ್ದಾರೆ' ಅಂತ ಅಳ್ತಿದ್ದಳು. ಹೂಂ ಅಂದೆ. ಹೂಂ ಹೂಂ ಹೂಂ ಅಂತ ಅರಚಿದೆ. ಕ್ಯಾಂಪಿನ ಕೂಲಿಗಳು ಕೆಲಸ ಬಿಟ್ಟು ಓಡಿ ಬಂದರು. ಬೆಟ್ಟದ ಆಚೆ ಈಚೆ ಇರೋ ಕರಿಕೆಯವರಿಗೆಲ್ಲಾ ನನ್ನ ಉತ್ತರ ಕೇಳಿಸಿತು. ಕೇಳಿಸಬೇಕಾದವರಿಗೆ ಕೇಳಿಸಲಿಲ್ಲ.

ಕೊನೆಗೆ ಅಪ್ಪ ಅಂದರು, 'ಅವ ಮಾತಾಡ. ನನ್ನದೇ ತಲೆ ಅವಂಗೆ. ನನ್ನ ಒಳಗೆ ಕರ್ಕಂಡ್ ಹೋಗಿ.' ನಕ್ಕ ಹಾಗೆ ಅಂದರು. ಆ ನಗು ಈಗಲೂ ಕಿವಿಯಲ್ಲಿದೆ.

ನಿನ್ನ ಸೆಟ್ಟು ಬಂದ್ ಆದ ಮೇಲೆ ನಾನು ಏನೇನು ಮಾಡಲಿಲ್ಲ ಹೇಳು! ಮೈಕು ಬದಲಾಯಿಸಿದೆ. ಬ್ಯಾಟರಿ ತಂತಿ ಕೆರೆದು ಬಿಗಿದೆ. ಕೆಂಪಣ್ಣ ಎಂಜಿನ್ ಓಡಿಸ್ತಾ ಕೂತ, ಇದ್ದ ಪೆಟ್ರೋಲೆಲ್ಲಾ ಮುಗಿಯೋ ತನಕ. ಮತ್ತೆ ಕರೆದೆ, ಮತ್ತೆ ಕರೆದೆ. ಮಧ್ಯಾಹ್ನ ಊಟದ ಹೊತ್ತು ಮೀರಿತ್ತು. ಸೆಟ್ಟಿನಲ್ಲಿ ಕರ್ ಅಂತ ಜೀವ ಬಂತು. ನಿನ್ನ ಮಾತು ಬರುತ್ತೆ ಅಂತ ಕಿವಿ ಕೊಟ್ಟೆ. ಮಾತು ಬರಲಿಲ್ಲ. ಎರಡು ಗುಂಡಿನ ಸದ್ದು ಬಂತು. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ನೀನು ಸ್ವಿಚ್ಚು ಒತ್ತಿ ಹಿಡಿದದ್ದು ನನಗೆ ತಿಳಿಸೋದಕ್ಕೇ ಅಂತ ಗೊತ್ತು, ಬಾಯಲ್ಲಿ ಹೇಳೋಕೆ ನಿನಗೆ ಆಗಲಿಲ್ಲ. ಒಳ್ಳೇದೇ ಮಾಡಿದೆ.

ಆಗಲೇ ಹೊರಟೆ. ದಾರಿಯ ಗುಡ್ಡ ಜರಿದಲ್ಲಿ ಮೊಣಕಾಲು ಕೆಸರು, ಕಾಡಿನ ಒಳಗೆ ಸುತ್ತು ಹಾಕಿ ನಡೆದೆ. ನಾನು ಮನೆ ಮುಟ್ಟುವಾಗ ಎಲ್ಲಾ ಮುಗಿದಿತ್ತು. ನಿನ್ನನ್ನು ಜೀಪಿನ ಸಮೇತ ಮಡಿಕೇರಿಗೆ ಕರೆಸಿಕೊಂಡಿದ್ದರು. ಯಮುನಕ್ಕ ಅಂಗಳದಲ್ಲಿ ಸಗಣಿ ಸಾರಿಸ್ತಿದ್ದಳು. ನನ್ನನ್ನು ನೋಡಿ ಕೈ ತೊಳೆದುಕೊಂಡು ಎದ್ದು ನಿಂತಳು. 'ಅಷ್ಟು ಕೇಳಿದರೂ ಬಾಯಿ ಬಿಡದವನು ಈಗ ಯಾರನ್ನು ನೋಡೋಕೆ ಬಂದೆ?' ಅಂದಳು. 'ಅಕ್ಕ, ನಾನು ಹೇಳಿದೆ, ಸೆಟ್ಟು ಕೆಟ್ಟಿತ್ತು' ಅಂದೆ. 'ನಿನ್ನ ಹಟವನ್ನು ಯಂತ್ರದ ತಲೆಗೆ ಕಟ್ಟಬೇಡ. ಅದಕ್ಕೆ ಏನಾಗಿತ್ತು ತೋರಿಸು, ನಂಬ್ತೀನಿ' ಅಂದಳು. ಅದಕ್ಕೆ ಏನಾಗಿತ್ತು ಅಂತ ನನಗೇ ಗೊತ್ತಿರಲಿಲ್ಲ ಸಣ್ಣಸ್ವಾಮಿ. ಅವಳು ಬಾಗಿಲು ಹಾಕಿಕೊಂಡಳು. ಪೊನ್ನಮ್ಮತ್ತೆಯ ಜಗಲಿಯಲ್ಲಿ ಬಿದ್ದುಕೊಂಡಿದ್ದೆ, ಹನ್ನೊಂದನೇ ದಿನದ ತನಕ. ಕ್ರಿಯೆಗೆ ಸೇರಿಸಿಕೊಂಡರು, ಊರಿನವರು ಬಿಡ್ತಾರಾ? ಅವಳು ಮಾತ್ರ ನನ್ನ ಎಲೆಗೆ ಬಡಿಸಲಿಲ್ಲ.

ಈಗ ನನ್ನ ಕೆಲಸ ಒಂದೇ. ಈ ಹಾಳು ಸೆಟ್ಟಿನಲ್ಲಿ ಏನಾಗಿತ್ತು ಅಂತ ಹುಡುಕೋದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅಂತೀಯ, ಅನ್ನು. ಅಪ್ಪನಿಗೆ ಇನ್ನು ಹೇಳೋಕೆ ಆಗಲ್ಲ. ಅಕ್ಕನಿಗೆ ಹೇಳಬಹುದಲ್ಲ? ಬಂದಾಗಿನಿಂದ ಅದನ್ನು ಬಿಚ್ಚಿ ಕೂತಿದ್ದೀನಿ. ಒಂದೊಂದು ಗಾಜಿನ ವಾಲ್ವನ್ನೂ ಕಿತ್ತು ಒರೆಸಿ ಹಾಕಿದೆ, ಎಲ್ಲಾ ಉರೀತವೆ. ಬ್ಯಾಟರಿ ಚೆನ್ನಾಗಿದೆ. ಮೈಕಿನ ಇದ್ದಿಲು ಪುಡಿ ಗಟ್ಟಿಯಾಗಿದೆಯಾ ಅಂತ ತಟ್ಟಿ ನೋಡಿದೆ, ಇಲ್ಲ. ಸೆಟ್ಟಿನಿಂದ ಏರಿಯಲ್ ಕಂಬಿಗೆ ಹೋಗೋ ತಂತಿ ನಡುವೆ ಟಾರ್ಚ್ ಬಲ್ಬು ಸಿಕ್ಕಿಸಿ ಮೈಕು ಒತ್ತಿದೆ. ನಾವು ಇಂಫಾಲದಲ್ಲಿ ಮಾಡ್ತಿದ್ದೆವಲ್ಲ ಹಾಗೆ. ಬಲ್ಬು ಝಗ್ ಅಂತ ಹತ್ತಿತು. ಅಂದರೆ ಸೆಟ್ಟಿನಿಂದ ಶಕ್ತಿ ಹೊರಗೆ ಹೋಗ್ತಿದೆ. ಕರಿಕೆ ಅಂಗಡಿಯ ಬ್ಯಾಟರಿ ರೇಡಿಯೋ ಹತ್ತಿರ ಕೆಂಪಣ್ಣನನ್ನು ಕೂರಿಸಿ ಮಾತಾಡಿದೆ. 'ಸ್ಪಷ್ಟವಾಗಿ ಕೇಳ್ತದೆ ಉತ್ತಯ್ಯನೋರೆ' ಅಂದ. ಮಡಿಕೇರಿ ಸ್ಟೇಷನ್ ಕರೆದರೆ ಮಾತ್ರ ಜಪ್ಪಯ್ಯ ಅಂದರೂ ಕೇಳಲ್ಲ. ಅವರ ಮಾತು ನನಗೆ ಬರುತ್ತೆ, ನನ್ನದು ಅವರಿಗೆ ಹೋಗಲ್ಲ. ಬೀದಿಯ ತುದಿಗೆ ಹೋಗೋ ಮಾತು ಬೆಟ್ಟದ ಆಚೆಗೆ ಯಾಕೆ ಹೋಗಲ್ಲ?

ಆದರೂ ಬಿಡಲ್ಲ. ತಪ್ಪು ಸಿಕ್ಕೇ ಸಿಗುತ್ತೆ. ಸುಟ್ಟ ವಾಲ್ವೋ, ಹರಿದ ತಂತಿಯೋ, ಏನಾದರೂ ಇರಲಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಅಕ್ಕನ ಮುಂದೆ ಇಡ್ತೀನಿ. ತೋರಿಸು ಅಂದಳಲ್ಲ, ತೋರಿಸ್ತೀನಿ. ಟಪಾಲಿನವನು ಇವತ್ತೂ ಬರಲಿಲ್ಲ. ಈ ಕಾಗದ ಹೀಗೇ ಇರಲಿ, ಬಂದಾಗ ಮುಗಿಸಿ ಕೊಡ್ತೀನಿ.

22-9-1956, ಶನಿವಾರ

ಸಣ್ಣಸ್ವಾಮಿ, ಸಿಕ್ಕಿತು.

ನಿನ್ನೆ ಬೆಳಿಗ್ಗೆ ತಲೆ ಕೆಟ್ಟು, ಸೆಟ್ಟಿನದು ಎಲ್ಲಾ ಸರಿ ಇದೆ, ಇನ್ನು ಉಳಿದದ್ದು ಏರಿಯಲ್ ಒಂದೇ ಅಂತ ಅದರ ಕಂಬಿಯನ್ನೇ ಬಿಚ್ಚಿ ಹಾಕಿದೆ. ಬರೀ ತಾಮ್ರದ ತಂತಿ ತಗೊಂಡು ಒಂದು ತುದಿ ಸೆಟ್ಟಿಗೆ, ಇನ್ನೊಂದು ತುದಿ ಹಲಸಿನ ಮರಕ್ಕೆ ಕಟ್ಟಿದೆ. ಮಡಿಕೇರಿ ಅಂತ ಒಂದು ಸಲ ಕರೆದೆ ಅಷ್ಟೆ. 'ಕರಿಕೆ, ಜೋರಾಗಿ ಬರ್ತಾ ಇದ್ದೀರಿ, ಇಷ್ಟು ದಿನ ಎಲ್ಲಿ ಹೋಗಿದ್ರಿ?' ಅಂತ ಉತ್ತರ ಬಂತು. ಕೆಂಪಣ್ಣ ಕೈ ಮುಗಿದ. ನನಗೆ ಕುಣಿಯೋ ಹಾಗೆ ಆಯ್ತು. ಸುಳ್ಳು ಯಾಕೆ ಹೇಳಲಿ, ಅಪ್ಪ ಸತ್ತದ್ದು ಒಂದು ಗಳಿಗೆ ಮರೆತುಹೋಯ್ತು.

ಸರಿ, ತಪ್ಪು ಕಂಬಿಯ ಬುಡದಲ್ಲಿ. ಅಲ್ಲಿ ಪಿಂಗಾಣಿ ಬಟ್ಟಲು ಇದೆಯಲ್ಲ, ಕಂಬಿ ಜೀಪಿನ ಕಬ್ಬಿಣಕ್ಕೆ ತಾಗದ ಹಾಗೆ ಹಿಡಿದುಕೊಂಡಿರೋದು, ಅದರ ಮೇಲೆ ರಬ್ಬರ್ ಟೋಪಿ. ಮಳೆಗಾಲಕ್ಕೆ ಮುಂಚೆ ನಾನೇ ಒರೆಸಿ ಮುಚ್ಚಿದ್ದು. ಅದನ್ನು ಯಾರು ಬಿಚ್ಚಿರ್ತಾರೆ ಅಂತ ಇಷ್ಟು ದಿನ ಮುಟ್ಟಿರಲಿಲ್ಲ. ಟೋಪಿ ಎತ್ತಿದೆ. ಒಳಗೆ ಗಂಧ. ದಪ್ಪಗೆ, ಮೊಸರನ್ನದ ಹಾಗೆ ಮೆತ್ತಿದ ಗಂಧ. ಅದರ ಮೇಲೆ ಕುಂಕುಮ, ಮಸಿಯಾದ ಒಂದು ಹೂವು. ಎಲ್ಲಾ ಒದ್ದೆ. ಟೋಪಿಯ ಕೆಳಗೆ ಒಣಗೋದಕ್ಕೆ ಗಾಳಿ ಎಲ್ಲಿಂದ ಬರಬೇಕು? ಹುಳಿತ ವಾಸನೆ ಬರ್ತಿತ್ತು. ಬಟ್ಟಲಿನ ಮೇಲಿಂದ ಕೆಳಗಿನ ತನಕ ಆ ಒದ್ದೆ ಪಟ್ಟೆ. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಸೆಟ್ಟಿನಿಂದ ಹೊರಟದ್ದು ಕಂಬಿಗೆ ಹತ್ತದೆ ಆ ಒದ್ದೆಯಲ್ಲೇ ಇಳಿದು ಜೀಪಿನ 'ಮೈ'ಗೆ ಹೋಗ್ತಿತ್ತು. ಬಲ್ಬು ಹತ್ತಿದ್ದು ಅದಕ್ಕೆ. ಮೀಟರಿನ ಮುಳ್ಳು ಎದ್ದದ್ದೂ ಅದಕ್ಕೆ. ಬರೋ ಮಾತು ಚೂರು ಸಿಕ್ಕಿದರೂ ಸೆಟ್ಟು ಹಿಗ್ಗಿಸಿಕೊಳ್ಳುತ್ತೆ, ಹೋಗೋ ಮಾತಿಗೆ ಅಷ್ಟು ಸಾಲದು. ನಾನು ಅಪ್ಪನಿಗೆ ಹೇಳಿದ್ದೆಲ್ಲಾ ಒಂದು ಅಂಗೈ ಅಗಲದ ಜಾಗದಲ್ಲಿ ಇಳಿದು ಈ ಕಬ್ಬಿಣದೊಳಗೆ ಸತ್ತುಹೋಯ್ತು.

'ಯಾರು ಮಾಡಿದ್ದು ಇದು?' ಅಂತ ಕೂಗಿದೆ. ಕೆಂಪಣ್ಣನ ಮುಖ ಬಿಳಚಿಕೊಂಡಿತು. 'ನಾನೇ ಹಚ್ಚಿದ್ದು ಉತ್ತಯ್ಯನೋರೆ, ಹಬ್ಬದ ದಿನ. ಕಾಯಿ ಒಡೆದು ನೀರೂ ಬಿಟ್ಟೆ. ಮಳೆಗೆ ತೊಳೆದು ಹೋಗಬಾರದು ಅಂತ ಟೋಪಿ ಹಾಕಿದೆ. ಯಾಕೆ, ಏನಾಯ್ತು?' ಅಂದ. ಏನಾಯ್ತು ಅಂತ ಹೇಳಿದೆ. ಒಂದೂ ಬಿಡದೆ ಹೇಳಿದೆ, ಸಿಟ್ಟಿನಲ್ಲಿ. ಆ ಮುದುಕ ಅಲ್ಲೇ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ತಲೆ ತಲೆ ಚಚ್ಚಿಕೊಂಡ. ಹೊಡೆಯೋಕೆ ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಅದನ್ನು ಕೇಳಿದ ಮೇಲೆ ನಾನೂ ಅವನ ಪಕ್ಕದಲ್ಲೇ ಕೂತೆ.

ಬಟ್ಟಲನ್ನು ಸೀಮೆಎಣ್ಣೆ ಹಾಕಿ ಉಜ್ಜಿ, ಒಲೆ ಹತ್ತಿರ ಒಣಗಿಸಿ, ಗ್ರೀಸು ಸವರಿ ತಿರುಗಿ ಜೋಡಿಸಿದ್ದೀನಿ. ಸೆಟ್ಟು ಈಗ ಮದರಾಸಿನ ತನಕ ಕೂಗುತ್ತೆ ಅಂತ ಇಟ್ಕೋ. ಯಾರಿಗೆ ಕೂಗಲಿ? ಬೆಳಿಗ್ಗೆ ಮಡಿಕೇರಿಗೆ ಮಳೆ ಎಷ್ಟು ಬಂತು ಅಂತ ಹೇಳ್ತೀನಿ, ಮೈಕು ಇಡ್ತೀನಿ. ಬಾಯಿ ಬಿಟ್ಟ ಮಾತು ಹೋಗಿ ಮುಟ್ಟಿತು ಅಂತ ಅವರು ಹೇಳಿದಾಗೆಲ್ಲಾ ಸೆಟ್ಟು ಬಂದ್ ಮಾಡಿಬಿಡ್ತೀನಿ.

ಇನ್ನು ನಿನಗೆ ಒಂದು ಮಾತು, ಕಾಲು ಹಿಡಿದು ಕೇಳ್ತೀನಿ ಅಂತ ತಿಳ್ಕೋ. ಮೇಲೆ ಬರೆದೆನಲ್ಲ, ತಪ್ಪು ಸಿಕ್ಕಿದರೆ ಅಕ್ಕನ ಮುಂದೆ ಇಡ್ತೀನಿ ಅಂತ, ಅದನ್ನು ನಾನು ಮಾಡಲ್ಲ. ನೀನೂ ಮಾಡಬೇಡ. ನೀನು ಎದ್ದು ಓಡಾಡೋ ಹಾಗೆ ಆದ ಮೇಲೆ ಆ ಕಡೆ ಹೋದಾಗ, ಪಾಪ ಉತ್ತಯ್ಯನದು ತಪ್ಪಿಲ್ಲ, ನಾನು ವಿಚಾರಿಸಿದೆ ಅಂತ ಏನಾದರೂ ಹೇಳೋಕೆ ಹೋಗಬೇಡ. ನಿನ್ನ ಬಾಯಿ ಒಳ್ಳೇದು, ಅದಕ್ಕೇ ಹೆದರಿಕೆ.

ನವೆಂಬರ್ ಒಂದಕ್ಕೆ ನಮ್ಮ ಕೊಡಗು ರಾಜ್ಯ ಮೈಸೂರಿಗೆ ಸೇರುತ್ತಲ್ಲ. ಈ ಎರಡು ಜೀಪುಗಳನ್ನೂ ಬಯಲುಸೀಮೆಗೆ ಎಲ್ಲಿಗೋ ಕಳಿಸ್ತಾರಂತೆ, ಬೀದರೋ ರಾಯಚೂರೋ. ಜೀಪಿನ ಜೊತೆ ನನ್ನನ್ನೂ ಕಳಿಸಿ ಅಂತ ಸಾಹೇಬರನ್ನು ಕೇಳಿದ್ದೀನಿ. ಅವರು, 'ಕೊಡಗಿನವನು ಆ ಬಿಸಿಲಲ್ಲಿ ಏನು ಮಾಡ್ತೀಯಯ್ಯ?' ಅಂತ ನಕ್ಕರು. ಇಲ್ಲಿ ಏನು ಮಾಡಲಿ ಅಂತ ಅವರಿಗೆ ಹೇಗೆ ಹೇಳಲಿ? ಚೇರಂಬಾಣೆ ದಾರಿಯಲ್ಲಿ ಹೋದಾಗೆಲ್ಲಾ ಆ ಬಾಗಿಲು ಮುಚ್ಚಿಕೊಳ್ಳೋದನ್ನ ನೋಡೋಕೆ ನನಗೆ ಆಗಲ್ಲ. ಅವಳಿಗೂ ನನ್ನ ಮುಖ ನೋಡದೆ ಇದ್ದರೆ ಸ್ವಲ್ಪ ಸಮಾಧಾನ ಸಿಗಬಹುದು.

ಚಲುವಮ್ಮನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಗೆ ಆಶೀರ್ವಾದ. ನಿನ್ನ ತಾಯಿ ಹುಚ್ಚಮ್ಮನವರಿಗೆ ನಾನು ಬಿದ್ದು ನಮಸ್ಕಾರ ಮಾಡಿದೆ ಅಂತ ತಿಳಿಸು. ನಿನ್ನ ಕಣ್ಣಿನ ಹಳದಿ ಇಳಿಯಲಿ, ಮನೆ ತುಂಬಾ ಮಾತಿರಲಿ. ಮಕ್ಕಳು ಏನಾದರೂ ಕೇಳಿದರೆ ಆವಾಗಲೇ ಉತ್ತರ ಕೊಡು ಮಾರಾಯ, ಆಮೇಲೆ ಅಂತ ಹೇಳಬೇಡ.

ಇಂತಿ ನಿನ್ನ,
ಉತ್ತಯ್ಯ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಯಾಕೆ ಹೇಳಬಾರದು ಅಂತ ಕಾರಣ ಹೇಳದೆ ಹೋದರೆ ನೀನು ಸುಮ್ಮನಿರೋನಲ್ಲ, ಹೋಗಿ ಹೇಳಿಯೇ ಬಿಡ್ತೀಯ. ಕೆಂಪಣ್ಣ ಕೆಸರಿನಲ್ಲಿ ಕೂತು ಹೇಳಿದ್ದು ಇದು. ಆ ಗಂಧ ತೇಯ್ದವಳು ಯಮುನಕ್ಕ. ಹಬ್ಬಕ್ಕೆ ಮುಂಚೆ ಕೆಂಪಣ್ಣ ರೇಷನ್ ತರೋವಾಗ ನಮ್ಮ ಮನೆ ಹತ್ತಿರ ಕಾಫಿಗೆ ನಿಂತಿದ್ದಾನೆ. ಅವಳು ಬಾಳೆಲೆಯಲ್ಲಿ ಗಂಧ, ಕುಂಕುಮ ಕಟ್ಟಿ ಅವನ ಕೈಗೆ ಕೊಟ್ಟು, 'ತಮ್ಮನಿಗೆ ಹೇಳಬೇಡಿ ಕೆಂಪಣ್ಣ, ಅವನು ಬೈತಾನೆ. ಆ ಯಂತ್ರದಲ್ಲಿ ಮಾತು ಎಲ್ಲಿಂದ ಹೊರಡುತ್ತೋ ಅಲ್ಲಿಗೇ ಹಚ್ಚಿ. ಅದರಿಂದಲಾದರೂ ಅವನು ಅಪ್ಪನ ಹತ್ತಿರ ಒಂದು ಮಾತಾಡಲಿ' ಅಂದಳಂತೆ. ಮಾತು ಎಲ್ಲಿಂದ ಹೊರಡುತ್ತೆ ಅಂತ ಕೆಂಪಣ್ಣ ಹಿಂದೆ ಯಾವಾಗಲೋ ನನ್ನನ್ನೇ ಕೇಳಿದ್ದ, ಕಂಬಿ ಬುಡ ತೋರಿಸಿದ್ದೆ.

ವಾಲ್ವು ಸುಟ್ಟಿತ್ತು ಅಂತ ಒಂದು ಸುಳ್ಳು ಹೇಳಿದರೆ ಆಯ್ತಲ್ಲ ಅಂತೀಯ. ನಾನೂ ಯೋಚನೆ ಮಾಡಿದೆ. ಅಕ್ಕ ದಡ್ಡಿ ಅಲ್ಲ. ಯಾವತ್ತಿನಿಂದ ಕೆಟ್ಟಿತ್ತು ಅಂತ ಕೇಳ್ತಾಳೆ. ಹಬ್ಬದ ಹಿಂದಿನ ದಿನ ನಾವಿಬ್ಬರೂ ಚೆನ್ನಾಗಿ ಮಾತಾಡಿದ್ದು ಅವಳಿಗೆ ಗೊತ್ತು, ನೀನೇ ಹೇಳಿದ್ದೀಯ. ಹಬ್ಬ ಆದ ಮಾರನೇ ಬೆಳಿಗ್ಗೆ ಕೆಟ್ಟಿತು ಅಂದರೆ ಸಾಕು, ಕೆಂಪಣ್ಣನನ್ನು ಕರೆದು ನಿಲ್ಲಿಸ್ತಾಳೆ. ಅವನಿಗೆ ಸುಳ್ಳು ಹೇಳೋಕೆ ಬರಲ್ಲ. ಮಿಕ್ಕ ಆಯುಷ್ಯವೆಲ್ಲಾ ಅವಳು ತನ್ನ ಕೈ ನೋಡಿಕೊಂಡು ಕೂರಬೇಕಾ? ನನ್ನ ಮೇಲೆ ಸಿಟ್ಟು ಇದ್ದರೆ ಬೆಳಿಗ್ಗೆ ಎದ್ದು ಅಂಗಳವಾದರೂ ಗುಡಿಸ್ತಾಳೆ.

ಅದಕ್ಕೇ, ಅವಳೇ ಕರೆದು ನಿನ್ನನ್ನು ಕೇಳಿದರೆ ಹೀಗೆ ಹೇಳು. ಸೆಟ್ಟು ಸರಿಯಾಗಿಯೇ ಇತ್ತು ಯಮುನಕ್ಕ, ಅವನೇ ಮಾತಾಡಲಿಲ್ಲ.